ಡಬ್ಬಿಗೆ ಮರಳಿದ ಅಕ್ಕಿ

ಸಾಸ್ವೆಹಳ್ಳಿಯಲ್ಲಿ ಯಾರ ಮನೆಯಲ್ಲಾದರೂ ಹಬ್ಬದ ಮರುದಿನ ಅಡುಗೆ ಮಿಕ್ಕಿದರೆ ಹೆಂಗಸರಿಗೆ ಮೊದಲು ನೆನಪಾಗುತ್ತಿದ್ದವಳು ಸುಂಕಲಮ್ಮ. ಹುಳಿಯೇರಿದ ದೋಸೆಹಿಟ್ಟಿಗೆ ಏನು ಬೆರೆಸಿದರೆ ಪಡ್ಡು ಮೆತ್ತಗಾಗುತ್ತದೆ, ತಂಗಳ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಅಂಬಲಿ ಮಾಡುವಾಗ ಈರುಳ್ಳಿ ಯಾವಾಗ ಹಾಕಬೇಕು, ರಾತ್ರಿಯ ಅನ್ನವನ್ನು ಅಕ್ಕಿಹಿಟ್ಟಿಗೆ ನಾದಿ ರೊಟ್ಟಿ ತಟ್ಟುವುದು ಹೇಗೆ, ಇದನ್ನೆಲ್ಲ ಆಕೆ ಹೊಸ್ತಿಲ ಮೇಲೆ ನಿಂತೇ ಹೇಳಿ ಕಳಿಸುತ್ತಿದ್ದಳು. ಹೇಳುವಾಗ ಮುಖದಲ್ಲಿ ಒಂದು ಬಿಗುಮಾನ ಇರುತ್ತಿತ್ತು. ಅದು ತಪ್ಪು ಎಂದು ಆಗ ಯಾರಿಗೂ ಅನ್ನಿಸುತ್ತಿರಲಿಲ್ಲ, ಆಕೆಗಂತೂ ಅನ್ನಿಸುತ್ತಿರಲಿಲ್ಲ.

ಆಕೆಯ ತವರು ಜಗಳೂರು ಕಡೆಯ ಒಂದು ಸಣ್ಣ ಊರು. ಜೋಳ, ನವಣೆ, ಸಜ್ಜೆ ಬೆಳೆಯುವ ನೆಲ. ಅಲ್ಲಿ ಅನ್ನ ಎಂದರೆ ಹಬ್ಬದ ಮಾತು. ತಾಯಿ ಮಿಕ್ಕ ಜೋಳದ ರೊಟ್ಟಿಗಳನ್ನು ಪುಟ್ಟಿಯಲ್ಲಿಟ್ಟು ಜಂತಿಗೆ ತೂಗುಹಾಕುತ್ತಿದ್ದಳು. ಅವು ಗರಿಗರಿಯಾಗಿ ಒಣಗಿದ ಮೇಲೆ ಮುರಿದು, ಮೇಲೊಂದಿಷ್ಟು ನೀರು ಚಿಮುಕಿಸಿ, ಈರುಳ್ಳಿ ಹಸಿಮೆಣಸಿನಕಾಯಿ ಕರಿಬೇವಿನ ಒಗ್ಗರಣೆ ಕೊಟ್ಟು, ಕೊನೆಗೆ ಹುಚ್ಚೆಳ್ಳಿನ ಪುಡಿ ಉದುರಿಸುತ್ತಿದ್ದಳು. ಹೊಲದಿಂದ ಬಂದ ಸುಂಕಲಮ್ಮ ಒಲೆಯ ಮುಂದೆಯೇ ಕುಕ್ಕರುಗಾಲಲ್ಲಿ ಕೂತು ಅದನ್ನು ತಿನ್ನುತ್ತಿದ್ದಳು. ಅದಕ್ಕಿಂತ ರುಚಿಯಾದದ್ದನ್ನು ತಾನು ತಿಂದಿಲ್ಲ ಎಂಬುದು ಆಕೆಯ ಗಟ್ಟಿ ನಂಬಿಕೆ.

ಅಲ್ಲಿಂದ ಗೋಣೆಪ್ಪನ ಕೈ ಹಿಡಿದು ಹೊಳೆಸೀಮೆಯ ಸಾಸ್ವೆಹಳ್ಳಿಗೆ ಬಂದಾಗ ಆಕೆಗೆ ಕಣ್ಣು ಬಿಟ್ಟಲ್ಲೆಲ್ಲ ಭತ್ತ. ಗಂಡನ ಮನೆಯಲ್ಲಿ ಬಸಿದ ಗಂಜಿಯನ್ನು ಮೋರಿಗೆ ಚೆಲ್ಲುತ್ತಿದ್ದರು, ನಿನ್ನೆಯ ಅನ್ನ ಕೋಳಿಗಳಿಗೆ ಹೋಗುತ್ತಿತ್ತು. ಹೊಸ ಸೊಸೆ ಗಂಜಿಗೆ ಉಪ್ಪು ಮಜ್ಜಿಗೆ ಬೆರೆಸಿ ಗದ್ದೆಗೆ ಬುತ್ತಿಯ ಜೊತೆ ಕಳಿಸಿದಳು, ಮಿಕ್ಕ ಅನ್ನವನ್ನು ರುಬ್ಬಿ ಸಂಡಿಗೆ ಇಟ್ಟಳು. ವರ್ಷ ಕಳೆಯುವುದರೊಳಗೆ ಅತ್ತೆ ಬಂದವರ ಮುಂದೆಲ್ಲ, ಈ ಹುಡುಗಿ ಕಾಲಿಟ್ಟ ಮೇಲೆ ನಮ್ಮ ಮನೆಯ ಕಲಗಚ್ಚಿನ ಬಾನಿಗೆ ಒಂದು ಅಗುಳೂ ಬೀಳುವುದಿಲ್ಲ ಎಂದು ಹೇಳಿಕೊಳ್ಳತೊಡಗಿದಳು. ಆ ಮಾತು ಸುಂಕಲಮ್ಮನಿಗೆ ಚಿನ್ನದ ಸರ ಹಾಕಿದಂತೆ ಆಯಿತು. ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳಾದರೂ ಆಕೆ ಅದನ್ನು ಕೊರಳಿಂದ ತೆಗೆಯಲಿಲ್ಲ.

ಆಕೆಯ ಒಬ್ಬನೇ ಮಗ ಮಾಲತೇಶ್ ಹೊನ್ನಾಳಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ. ಅವನಿಗೆ ತ್ಯಾವಣಿಗೆಯಿಂದ ಹೆಣ್ಣು ತಂದರು. ಹುಡುಗಿಯ ಹೆಸರು ಸುನೀತಾ. ಅವಳ ತಂದೆ ಪರಶುರಾಮಪ್ಪ ಮದುವೆಮನೆಗಳ ಅಡುಗೆಯವನು. ಚನ್ನಗಿರಿಯಿಂದ ನ್ಯಾಮತಿಯವರೆಗೆ ಅವನ ಕೈಯ ಸಾರು ಉಣ್ಣದವರು ಕಡಿಮೆ. ದೊಡ್ಡ ಕೊಪ್ಪರಿಗೆಗಳ ನಡುವೆಯೇ ಬೆಳೆದ ಸುನೀತಾಳಿಗೆ ನಾಲ್ಕು ಜನರಿಗೆ ಅಡುಗೆ ಮಾಡುವುದೆಂದರೆ ಗೊಂಬೆಯಾಟದ ಹಾಗೆ. ಬಂದ ಹೊಸತರಲ್ಲಿ ಅವಳು ಅಕ್ಕಿಗೆ ಕೈ ಹಾಕಿದರೆ ಪಾವು, ಅಚ್ಚೇರು ಎಂಬ ಅಳತೆಯ ಪಾತ್ರೆ ಯಾವುದೂ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಕಣ್ಣಂದಾಜಿನಲ್ಲಿ ಸುರಿದು, ಕಡೆಗೆ ಇನ್ನೊಂದು ಮುಷ್ಟಿ ಹಾಕುತ್ತಿದ್ದಳು. ಯಾಕೆಂದು ಕೇಳಿದರೆ, ಯಾರಾದರೂ ಬಂದರೆ ಇರಲಿ ಅಂತ ನಮ್ಮಪ್ಪ ಹೇಳಿಕೊಟ್ಟದ್ದು ಎನ್ನುತ್ತಿದ್ದಳು.

ಸುಂಕಲಮ್ಮ ಬೈಯಲಿಲ್ಲ. ಆಕೆ ಬೈಯುವ ಪೈಕಿಯೇ ಅಲ್ಲ. ಮಿಕ್ಕ ಅನ್ನ ಬೆಳಿಗ್ಗೆ ಚಿತ್ರಾನ್ನವಾಯಿತು, ಮರುದಿನ ರೊಟ್ಟಿಯಾಯಿತು, ಅದರ ಮರುದಿನ ಸಂಡಿಗೆಯಾಯಿತು. ಆದರೆ ಸೊಸೆಯ ಕೈ ಹಿಡಿತಕ್ಕೆ ಬರಲಿಲ್ಲ. ಆಗ ಆಕೆ ಒಂದು ಪದ್ಧತಿ ಮಾಡಿದಳು. ನಗುನಗುತ್ತಲೇ ಮಾಡಿದಳು. ಹೆಚ್ಚಿಗೆ ಬೇಯಿಸಿದವರು ಯಾರೋ ಅವರೇ ಅದನ್ನು ಉಣ್ಣಬೇಕು. ಗಂಡಸರ ತಟ್ಟೆಗೆ ಬಿಸಿಯದು ಬೀಳುವಾಗ ಸುನೀತಾಳ ತಟ್ಟೆಗೆ ನಿನ್ನೆಯದು ಬೀಳುತ್ತಿತ್ತು. ಆ ಹುಡುಗಿ ಎದುರಾಡದೆ ಮೊಸರು ಕಲಸಿಕೊಂಡು ಉಣ್ಣುತ್ತಿದ್ದಳು. ಒಮ್ಮೆ ಗೋಣೆಪ್ಪ, ಹೊಸಬಳಿಗೆ ಯಾಕೆ ದಿನಾ ತಂಗಳು ಇಕ್ಕುತ್ತೀಯ ಎಂದು ಕೇಳಿದ. ನಾನೂ ಉಂಡೇ ಬಂದವಳು, ಕಲಿಯಲಿ ಬಿಡು ಎಂದು ಸುಂಕಲಮ್ಮ ಅವನ ಬಾಯಿ ಮುಚ್ಚಿಸಿದಳು.

ಸುನೀತಾ ಕಲಿತಳು. ಪಾವಿನಲ್ಲಿ ಅಕ್ಕಿ ತುಂಬಿ, ಬೆರಳಿನಿಂದ ಮೇಲಿನ ಗೋಪುರವನ್ನು ಸವರಿ ಡಬ್ಬಿಗೆ ಬೀಳಿಸಿ, ಲೆವೆಲ್ ನೋಡಿ ಹಾಕುವುದನ್ನು ಕಲಿತಳು. ಊಟ ಮುಗಿದಾಗ ಪಾತ್ರೆಯ ತಳದಲ್ಲಿ ಏನೂ ಇರುತ್ತಿರಲಿಲ್ಲ. ಸುಂಕಲಮ್ಮ ನೆರೆಹೊರೆಯವರ ಮುಂದೆ, ನನ್ನ ಸೊಸೆ ನನ್ನನ್ನೂ ಮೀರಿಸುತ್ತಾಳೆ ಎಂದು ಹೊಗಳಿದಳು. ಹುಡುಗಿ ಮೊದಲಿನಂತೆ ಅಡುಗೆಮನೆಯಲ್ಲಿ ಹಾಡಿಕೊಳ್ಳುವುದನ್ನು ಬಿಟ್ಟಿದ್ದಾಳೆ ಎಂಬುದು ಆಕೆಯ ಗಮನಕ್ಕೆ ಬಂದದ್ದು ಬಹಳ ತಡವಾಗಿ.

ಆ ವೈಶಾಖದಲ್ಲಿ ಗೋವಿನಕೋವಿಯಲ್ಲಿ ಒಂದು ದೊಡ್ಡ ಮದುವೆ. ಅಡುಗೆ ಪರಶುರಾಮಪ್ಪನದು. ಕೆಲಸ ಮುಗಿಸಿ ತ್ಯಾವಣಿಗೆಗೆ ಹಿಂತಿರುಗುವವನು ದಾರಿಯಲ್ಲಿ ಮಗಳನ್ನು ನೋಡಿಕೊಂಡು ಹೋಗೋಣವೆಂದು ಸಾಸ್ವೆಹಳ್ಳಿಯಲ್ಲಿ ಬಸ್ಸಿಳಿದ. ಬಿಸಿಲು ಇಳಿಯುವ ಹೊತ್ತು. ಗೋಣೆಪ್ಪ ಗದ್ದೆಯ ಕಡೆ ಹೋಗಿದ್ದ, ಮಾಲತೇಶ್ ಹೊನ್ನಾಳಿಯಲ್ಲಿದ್ದ. ಊಟ ಮುಗಿದು, ಪಾತ್ರೆ ತಿಕ್ಕಿ ಬೋರಲು ಹಾಕಿ, ಅತ್ತೆ ಸೊಸೆ ಇಬ್ಬರೂ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಬಾಗಿಲಲ್ಲಿ ಅಪ್ಪನನ್ನು ಕಂಡ ಸುನೀತಾಳ ಮುಖ ಅರಳಿದ್ದನ್ನು ಸುಂಕಲಮ್ಮ ನೋಡಿದಳು. ಅವನ ಪಂಚೆಯ ಅಂಚಿನಲ್ಲಿ ಅರಿಶಿನದ ಕಲೆ, ಮೈಯೆಲ್ಲ ಹೊಗೆಯ ವಾಸನೆ, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಹಣ್ಣನ್ನು ಮಗಳ ಕೈಗೆ ಕೊಟ್ಟು, ಕೈಕಾಲು ತೊಳೆದು ಬರುತ್ತೇನೆ ಎಂದು ಬಚ್ಚಲಿಗೆ ಹೋದ.

ಅವನು ಅತ್ತ ಹೋಗುತ್ತಲೇ ಸುನೀತಾ ಅಡುಗೆಮನೆಗೆ ಓಡಿದಳು. ಸುಂಕಲಮ್ಮ ಹಿಂದಿನಿಂದ ಹೋಗಿ ನೋಡಿದರೆ ಅವಳು ಡಬ್ಬಿಯಿಂದ ಮೊರಕ್ಕೆ ಅಕ್ಕಿ ಸುರಿದುಕೊಂಡು ನಿಂತಿದ್ದಳು. ಪಾವು ಮುಟ್ಟಿರಲಿಲ್ಲ, ಹಳೆಯ ಕಣ್ಣಂದಾಜಿನಲ್ಲಿ ಸುರಿದುಕೊಂಡಿದ್ದಳು.

ಸುಂಕಲಮ್ಮನ ತಲೆಯಲ್ಲಿ ಆ ಗಳಿಗೆ ಏನು ಓಡಿತೆಂಬುದನ್ನು ಆಕೆ ಮುಂದೆ ಎಷ್ಟು ಸಲ ಕೆದಕಿ ನೋಡಿಕೊಂಡಳೋ. ಮದುವೆಮನೆಯಿಂದ ಬಂದವನು, ಹೊಟ್ಟೆ ಬಿರಿಯ ಉಂಡೇ ಬಂದಿರುತ್ತಾನೆ ಎಂದುಕೊಂಡದ್ದು ನಿಜ. ಪುಟ್ಟಿಯಲ್ಲಿ ಮೊನ್ನೆ ತಾನೇ ತಟ್ಟಿ ಒಣಗಲು ಬಿಟ್ಟ ಜೋಳದ ರೊಟ್ಟಿಗಳಿವೆ, ಅವನ್ನು ಮುಗಿಸಬೇಕು ಎಂದುಕೊಂಡದ್ದೂ ನಿಜ. ಆದರೆ ಅವೆರಡರ ಕೆಳಗೆ ಇನ್ನೊಂದು ಇತ್ತು. ಕೊಪ್ಪರಿಗೆಗಟ್ಟಲೆ ಬೇಯಿಸಿ ಬುಟ್ಟಿಗಟ್ಟಲೆ ಮಿಗಿಸುವ ಈ ಮನುಷ್ಯನಿಗೆ, ಮಿಕ್ಕದ್ದರಲ್ಲಿ ತಾನು ಎಂಥ ರುಚಿ ತೆಗೆಯಬಲ್ಲೆ ಎಂದು ಒಂದು ಸಲ ತೋರಿಸಬೇಕೆಂಬ ಆಸೆ. ಅದನ್ನು ಆಕೆ ಯಾರ ಮುಂದೆಯೂ ಹೇಳಲಿಲ್ಲ.

"ಈಗ ಮತ್ಯಾಕೆ ಅನ್ನಕ್ಕಿಡಾಕೆ ಹೊಂಟಿ? ರೊಟ್ಟಿ ಅದಾವಲ್ಲ, ಒಗ್ಗರಣೆ ಹಾಕಿ ಕೊಡ್ತೀನಿ. ನಿಮ್ಮಪ್ಪಾರು ಇಂಥದ್ದು ಎಲ್ಲೂ ತಿಂದಿರಾಕಿಲ್ಲ" ಎಂದಳು.

"ಅತ್ತೆ, ಜರಾ ಅನ್ನನೇ ಇಡ್ತೀನಿ. ಕುಕ್ಕರಿನಾಗೆ ಬೇಗ ಆಗ್ತೈತೆ" ಎಂದಳು ಸುನೀತಾ. ಮದುವೆಯಾಗಿ ಬಂದಮೇಲೆ ಅವಳು ಅತ್ತೆಯ ಮಾತಿಗೆ ಮಾತು ಸೇರಿಸಿದ್ದು ಅದೇ ಮೊದಲು.

ಅಷ್ಟರಲ್ಲಿ ಪರಶುರಾಮಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದಿದ್ದ. ಮಾತು ಅವನ ಕಿವಿಗೆ ಬಿದ್ದಿತ್ತು. ಮಗಳ ಕೈಯಲ್ಲಿದ್ದ ಮೊರವನ್ನೂ ಬೀಗಿತ್ತಿಯ ಮುಖವನ್ನೂ ನೋಡಿದ.

"ಬ್ಯಾಡ ಬಿಡವ್ವ, ಅಕ್ಕಿ ಡಬ್ಬಿಗೆ ಹಾಕು. ಬೀಗಿತ್ತೇರು ಅಷ್ಟು ಹೇಳ್ತದಾರೆ, ರೊಟ್ಟಿನೇ ತಿಂತೀನಿ" ಎಂದ.

ಸುನೀತಾ ಡಬ್ಬಿಯ ಮುಚ್ಚಳ ತೆಗೆದಳು. ಆಮೇಲೆ ಮೊರವನ್ನು ಓರೆ ಮಾಡಿದಳು. ಅಕ್ಕಿ ಸರ್ರನೆ ಡಬ್ಬಿಗೆ ಬಿತ್ತು.

ಸುಂಕಲಮ್ಮ ಖುಷಿಯಲ್ಲೇ ಒಗ್ಗರಣೆ ಹಾಕಿದಳು. ಕೈ ತಡೆಯದೆ ಎಣ್ಣೆ ಬಿಟ್ಟಳು, ಶೇಂಗಾ ಹುರಿದು ಹಾಕಿದಳು. ತಾಯಿಯ ಕೈ ರುಚಿಯೇ ಬಂದಿತ್ತು. ಪರಶುರಾಮಪ್ಪ ತಟ್ಟೆಯ ಮುಂದೆ ಕೂತು ನಿಧಾನವಾಗಿ ತಿಂದ. ಮೊದಲು ಒಂದು ಲೋಟ ಮಜ್ಜಿಗೆ ಕೇಳಿದ, ಆಮೇಲೆ ಇನ್ನೊಂದು ಕೇಳಿದ. ರೊಟ್ಟಿಯ ಚೂರುಗಳನ್ನು ಮಜ್ಜಿಗೆಯಲ್ಲಿ ನೆನೆಸಿ ಬಾಯಿಗಿಟ್ಟುಕೊಳ್ಳುತ್ತಿದ್ದ. ಮಜ್ಜಿಗೆ ಇಷ್ಟ ಬಿದ್ದಿರಬೇಕು ಎಂದು ಸುಂಕಲಮ್ಮ ತಂಬಿಗೆಯನ್ನೇ ಪಕ್ಕಕ್ಕಿಟ್ಟಳು. ಭಾಳ ಚೆನ್ನಾಗೈತೆ ಎಂದು ಅವನು ಎರಡು ಮೂರು ಸಲ ಹೇಳಿದ. ತಟ್ಟೆಯಲ್ಲಿ ಒಂದು ಚೂರೂ ಬಿಡಲಿಲ್ಲ. ಸುನೀತಾ ಕಂಬಕ್ಕೊರಗಿ ನಿಂತೇ ಇದ್ದಳು, ಕೂರು ಎಂದರೂ ಕೂರಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಅಪ್ಪ ಎದ್ದಾಗ ಅವನ ಜೊತೆ ಬಸ್ ಸ್ಟ್ಯಾಂಡಿನವರೆಗೆ ಹೋದವಳು, ಹಿಂದಿರುಗಿ ಬಂದು ಹುಣಸೆಹಣ್ಣಿನ ಮುಂದೆ ಕೂತು ಬೀಜ ಬಿಡಿಸತೊಡಗಿದಳು. ಕಣ್ಣು ಕೆಂಪಾಗಿದ್ದವು. ತವರಿನವರು ಬಂದುಹೋದಾಗ ಹೆಣ್ಣುಮಕ್ಕಳಿಗೆ ಹಾಗಾಗುವುದು ಇದ್ದದ್ದೇ ಎಂದು ಸುಂಕಲಮ್ಮ ಕೇಳಲು ಹೋಗಲಿಲ್ಲ.

ಆಷಾಢ ಹುಟ್ಟುವ ಮುಂಚಿನ ಕೊನೆಯ ಮುಹೂರ್ತಗಳಲ್ಲಿ ಚನ್ನಗಿರಿಯ ಒಂದು ಮದುವೆಯಲ್ಲಿ ಅನ್ನ ಬಸಿಯುತ್ತಿದ್ದಾಗಲೇ ಪರಶುರಾಮಪ್ಪ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಸುದ್ದಿ ಮಾಲತೇಶನ ಫೋನಿಗೆ ಬಂತು. ಸುನೀತಾ ಅಳುತ್ತ ಗಂಡನ ಬೈಕಿನ ಹಿಂದೆ ಕೂತು ಹೋದಳು, ಸುಂಕಲಮ್ಮ ಗೋಣೆಪ್ಪ ಮುಂದಿನ ಬಸ್ಸಿಗೆ ಹೊರಟರು.

ದಿವಸದ ಕಾರ್ಯವೆಲ್ಲ ಮುಗಿದ ಮೇಲೆ ತ್ಯಾವಣಿಗೆಯ ಆ ಮನೆಯ ಹಿತ್ತಲಲ್ಲಿ ಸುಂಕಲಮ್ಮ ಬೀಗಿತ್ತಿಯ ಪಕ್ಕ ಕೂತಿದ್ದಳು. ಪರಶುರಾಮಪ್ಪನ ಹೆಂಡತಿ ಅಂತರಘಟ್ಟಮ್ಮ ಮಾತಿನ ಹೆಂಗಸು. ಗಂಡನ ಒಂದೊಂದು ಸಂಗತಿಯನ್ನೇ ತೆಗೆದು ಹೇಳಿಕೊಳ್ಳುತ್ತಿದ್ದಳು. ಅದರಲ್ಲಿ ದೂರೇನೂ ಇರಲಿಲ್ಲ. ದುಃಖದಲ್ಲಿ ನಾಲಗೆ ಎಲ್ಲೆಲ್ಲೋ ಓಡುತ್ತದಲ್ಲ, ಹಾಗೆ ಓಡುತ್ತ ಗೋವಿನಕೋವಿಯ ಮದುವೆಗೆ ಬಂತು.

"ಮದುವೆಮನ್ಯಾಗೆ ಅವರು ಒಂದು ತುತ್ತೂ ಉಣ್ತಿರಲಿಲ್ಲ ಕಣ್ರೀ. ದಿನಾ ಹೊಗೆ ಕುಡಿದು ಕುಡಿದು ಅಲ್ಲಿ ಅನ್ನನೇ ಸೇರ್ತಿರಲಿಲ್ಲ, ಬರೀ ಚಾ ಮ್ಯಾಲೆ ಇರ್ತಿದ್ರು. ಗೋವಿನಕೋವಿಗೆ ಹೋಗುವಾಗಲೇ ಹೇಳಿದ್ರು, ಬರುವಾಗ ಸುನೀತನ ಕೈಯಾಗೆ ಬಿಸಿ ಅನ್ನ ತಿಳಿಸಾರು ಉಂಡು ಬರ್ತೀನಿ ಅಂತ. ಮನೆಗೆ ಬಂದ್ರಾ? ಕಾಲು ತೊಳೆದೋರೇ, ಅನ್ನಕ್ಕಿಡು ಅಂದ್ರು. ಯಾಕೆ, ಮಗಳ ಮನ್ಯಾಗೆ ಉಣ್ಣಲಿಲ್ಲವಾ ಅಂದೆ. ಉಂಡೆ, ಹೊಟ್ಟೆ ತುಂಬ ಉಂಡೆ, ಆದ್ರೂ ಇಡು ಅಂದ್ರು."

ಸೆರಗಿನಿಂದ ಮೂಗೊರೆಸಿಕೊಂಡು ಅಂತರಘಟ್ಟಮ್ಮ ಮುಂದುವರಿಸಿದಳು. ದವಡೆಯ ಹಲ್ಲು ಉದುರಿದ ಮೇಲೆ ಅವರಿಗೆ ಮೆತ್ತಗಿನ ಅನ್ನ ಬಿಟ್ಟು ಬೇರೇನೂ ಆಗುತ್ತಿರಲಿಲ್ಲ, ಅಷ್ಟು ಜನಕ್ಕೆ ಅಡುಗೆ ಮಾಡುವವರಿಗೆ ಒಂದು ಹೋಳಿಗೆ ಅಗಿಯಲು ಆಗುತ್ತಿರಲಿಲ್ಲ ನೋಡಿ ಎಂದಳು. ಆಮೇಲೆ ಯಾರೋ ಕರೆದರೆಂದು ಎದ್ದು ಒಳಗೆ ಹೋದಳು.

ಸುಂಕಲಮ್ಮ ಅಲ್ಲೇ ಕೂತಿದ್ದಳು. ಮಜ್ಜಿಗೆಯ ತಂಬಿಗೆ, ನೆನೆಸಿದ ರೊಟ್ಟಿಯ ಚೂರುಗಳು, ಅವನು ಹೇಳಿದ ಭಾಳ ಚೆನ್ನಾಗೈತೆ, ಎಲ್ಲವೂ ಒಟ್ಟಿಗೆ ಬಂದು ಮೇಲೆ ಬಿದ್ದವು. ಒಂದು ಕುಕ್ಕರು ಅನ್ನ. ಆಕೆಯ ಮನೆಯಲ್ಲಿ ಮೂಟೆಗಳಲ್ಲಿ ಅಕ್ಕಿ ಇತ್ತು. ತನ್ನ ತವರಿನಲ್ಲಿ ಅನ್ನ ಇರಲಿಲ್ಲ ಎಂಬ ಕಾರಣಕ್ಕೆ ತಾನು ಕಲಿತದ್ದನ್ನು, ಅನ್ನ ತುಂಬಿದ ಮನೆಯಲ್ಲಿ ಕೂತು ಹಸಿದವನ ಮೇಲೆ ಹೇರಿದೆನಲ್ಲ ಎನ್ನಿಸಿತು. ತಾಯಿ ಇದ್ದಿದ್ದರೆ ಏನು ಮಾಡುತ್ತಿದ್ದಳು? ಬೀಗರು ಬಂದರೆಂದು ಯಾರ ಮನೆಯಿಂದಲಾದರೂ ಸೇರಕ್ಕಿ ಕೈಗಡ ತಂದು ಅನ್ನ ಮಾಡುತ್ತಿದ್ದಳು. ಅದು ಸುಂಕಲಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಹಾಗೆ ಅಕ್ಕಿ ತರಲು ಚಿಕ್ಕಂದಿನಲ್ಲಿ ಆಕೆಯೇ ಎಷ್ಟೋ ಸಲ ಹೋಗಿದ್ದಳು.

ಊರಿಗೆ ಮರಳಿದ ಮೇಲೆ ಸುನೀತಾ ಮೊದಲಿನಂತೆಯೇ ಅಡುಗೆಗೆ ನಿಂತಳು. ಪಾವಿನ ಮೇಲೆ ಬೆರಳಾಡಿಸಿ ಸವರುವುದು ಇನ್ನಷ್ಟು ಬಿಗಿಯಾಯಿತು. ಮನೆಯಲ್ಲಿ ಮಿಗುವುದೇ ನಿಂತುಹೋಯಿತು. ಅಪ್ಪಿತಪ್ಪಿ ಒಂದು ಸೌಟು ಉಳಿದರೂ ಅವಳು ಅದನ್ನು ಅತ್ತೆಯ ಕೈಗೆ ಸಿಗಗೊಡದೆ ಎಮ್ಮೆಯ ಬಾನಿಗೆ ಸುರಿಯುತ್ತಿದ್ದಳು. ಅವಳು ಸುರಿಯುವುದನ್ನು ಸುಂಕಲಮ್ಮ ನೋಡುತ್ತಿದ್ದಳು. ಬೇರೆ ಯಾವುದರಲ್ಲೂ ಸೊಸೆ ಕೊರತೆ ಮಾಡಲಿಲ್ಲ. ಜ್ವರ ಬಂದರೆ ಕಷಾಯ ಕಾಸಿಕೊಟ್ಟಳು, ತಲೆ ಬಾಚಿದಳು, ಹೊನ್ನಾಳಿಗೆ ಹೋದರೆ ಸೀರೆ ತಂದಳು. ಅದಕ್ಕೇ ಸುಂಕಲಮ್ಮನಿಗೆ ಕ್ಷಮೆ ಕೇಳುವ ದಾರಿಯೂ ಸಿಗದಂತಾಯಿತು. ಜಗಳವಾಡಿದ್ದರೆ ಒಂದು ಮಾತು ಹೊರಬರುತ್ತಿತ್ತೇನೋ.

ಒಂದು ಬೆಳಿಗ್ಗೆ ಆಕೆ ಅಡುಗೆಮನೆಗೆ ಬಂದು, ಸೊಸೆ ಅಕ್ಕಿ ಅಳೆಯುವುದನ್ನು ನೋಡುತ್ತ ನಿಂತು, ಧೈರ್ಯ ಮಾಡಿದಳು.

"ಇನ್ನೊಂದು ಪಾವು ಹಾಕವ್ವ."

"ಯಾರಾದ್ರೂ ಬರ್ತಾರಾ ಅತ್ತೆ?"

"ಬರಲಿ ಬಿಡಲಿ, ಹಾಕು. ಇರಲಿ."

ಸುನೀತಾ ತಲೆಯೆತ್ತಲಿಲ್ಲ. "ಈಗ ಬರೋರು ಯಾರದಾರೆ" ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ ಹಾಗಿತ್ತು. ಅತ್ತೆ ಹೇಳಿದ್ದಕ್ಕೆ ಇನ್ನೊಂದು ಪಾವು ಹಾಕಿದಳು. ಅಂದು ಮಿಕ್ಕ ಅನ್ನವನ್ನು ಸುಂಕಲಮ್ಮ ಬಾನಿಗೆ ಬೀಳುವ ಮುಂಚೆ ಎತ್ತಿಟ್ಟು, ಮರುದಿನ ತಾನೇ ಉಂಡಳು.

ವರ್ಷದ ತಿಥಿ ಕಳೆದ ಮೇಲೆ ಅಂತರಘಟ್ಟಮ್ಮ ಗಂಡನ ಕೊಪ್ಪರಿಗೆಗಳನ್ನು ಮಾರದೆ ಸಣ್ಣಪುಟ್ಟ ಕಾರ್ಯಗಳ ಅಡುಗೆ ಹಿಡಿಯತೊಡಗಿದಳು. ಮಗಳನ್ನು ಜೊತೆಗೆ ಕಳಿಸುವಿರಾ ಎಂದು ಕೇಳಿ ಕಳಿಸಿದಳು. ಮನೆಯ ಸೊಸೆ ಊರೂರು ಅಲೆದು ಒಲೆ ಮುಂದೆ ನಿಲ್ಲುವುದು ಗೋಣೆಪ್ಪನಿಗೆ ಸರಿಕಾಣಲಿಲ್ಲ, ಮಾಲತೇಶನೂ ತಲೆ ಕೆರೆದುಕೊಂಡ. ಹೋಗಲಿ ಎಂದು ಪಟ್ಟು ಹಿಡಿದವಳು ಸುಂಕಲಮ್ಮ. ಮನೆಯ ಅಡುಗೆ ನಾನು ನೋಡಿಕೊಳ್ಳುತ್ತೇನೆ, ಎಮ್ಮೆಯನ್ನೂ ನೋಡಿಕೊಳ್ಳುತ್ತೇನೆ ಎಂದಳು. ಗಂಡ ಮಗ ಇಬ್ಬರಿಗೂ ಆಕೆಗೆ ಏನಾಗಿದೆಯೆಂದು ಅರ್ಥವಾಗಲಿಲ್ಲ. ಸುನೀತಾ ಮಾತ್ರ ಅತ್ತೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

ಹೊನ್ನಾಳಿಯ ಒಂದು ನಾಮಕರಣಕ್ಕೆ ಮಳೆಯ ಕಾರಣದಿಂದ ಜನ ಕಡಿಮೆ ಬಂದು, ಬಿಳಿ ಅನ್ನ ಅರ್ಧ ಕೊಪ್ಪರಿಗೆಯಷ್ಟು ಮಿಕ್ಕಿತು. ಕರೆದವರು ಬೇಡವೆಂದರು. ಅದರಲ್ಲಿ ಬಹುಪಾಲನ್ನು ಸುನೀತಾ ಮತ್ತು ಅವಳ ತಾಯಿ ಅಲ್ಲೇ ಬಸ್ ಸ್ಟ್ಯಾಂಡಿನ ಬಳಿಯ ಕೂಲಿಯವರಿಗೆ, ಗಾಡಿಯವರಿಗೆ ಬಿಸಿಬಿಸಿಯಾಗಿ ಹಂಚಿದರು. ಉಳಿದದ್ದನ್ನು ಸುನೀತಾ ಮಾಲತೇಶನ ಕೈಲಿ ಊರಿಗೆ ಹೊರಿಸಿಕೊಂಡು ಬಂದಳು. ಮರುದಿನ ಬಿಸಿಲು ಬಿತ್ತು. ಅವಳೇ ಅತ್ತೆಯನ್ನು ಕರೆದು, ಸಂಡಿಗೆ ಇಡೋಣ, ಹದ ನಿಮಗೇ ಗೊತ್ತಲ್ಲ ಎಂದಳು. ಎಷ್ಟೋ ದಿನಗಳಾಗಿದ್ದವು ಅವಳು ಹಾಗೆ ಕರೆದು.

ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಇಬ್ಬರೂ ಎದುರುಬದುರು ಕೂತರು. ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು ಹಾಕಿ ರುಬ್ಬಿದ ಅನ್ನ. ಒದ್ದೆ ಕೈಯಲ್ಲಿ ಸಣ್ಣ ಸಣ್ಣ ಗುಪ್ಪೆ ಇಡುತ್ತ ಹೋದರು. ಸುನೀತಾ ಹೊನ್ನಾಳಿಯ ಕೂಲಿಯವರ ಸಂಗತಿ ಹೇಳುತ್ತಿದ್ದಳು. ಒಬ್ಬ ಮುದುಕ ಮೂರು ಸಲ ಅನ್ನ ಕೇಳಿ ಹಾಕಿಸಿಕೊಂಡನಂತೆ. ಅವನಿಗೂ ಹಲ್ಲಿರಲಿಲ್ಲ ಎಂದಳು. ಸುಂಕಲಮ್ಮನ ಕೈ ನಿಂತಿತು.

"ನಿಮ್ಮಪ್ಪಾರು ಬಂದ ದಿವಸ ನಾನು ನಿನ್ನ ಅನ್ನಕ್ಕಿಡಾಕೆ ಬಿಡಬೇಕಿತ್ತು ಕಣವ್ವ" ಎಂದಳು. ಇನ್ನೂ ಹೇಳಬೇಕೆಂದು ಕೂಡಿಸಿಟ್ಟುಕೊಂಡದ್ದು ಬಹಳ ಇತ್ತು. ಅದಾವುದೂ ಬರಲಿಲ್ಲ.

ಸುನೀತಾ ಎದುರಿನ ಸೀರೆಯ ಮೇಲೊಂದು ಗುಪ್ಪೆ ಇಟ್ಟು, ಅದರ ಅಂಚನ್ನು ಬೆರಳಿನಿಂದ ಒತ್ತಿದಳು.

"ಹೌದತ್ತೆ, ಬಿಡಬೇಕಿತ್ತು" ಎಂದಳು.

ಪರವಾಗಿಲ್ಲ ಎನ್ನಲಿಲ್ಲ. ಹೋಗಲಿ ಬಿಡಿ ಎನ್ನಲಿಲ್ಲ. ಅವಳು ಹಾಗೆ ಅನ್ನಲಿ ಎಂದು ತಾನು ಕಾದಿದ್ದೆ ಎಂಬುದು ಸುಂಕಲಮ್ಮನಿಗೆ ಆಗಲೇ ಗೊತ್ತಾದದ್ದು, ಗೊತ್ತಾಗಿ ನಾಚಿಕೆಯೂ ಆಯಿತು. ಆದರೆ ಸುನೀತಾ ಎದ್ದು ಕೆಳಗೆ ಹೋಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಹಿಟ್ಟಿನ ಪಾತ್ರೆಯನ್ನು ಇಬ್ಬರ ಕೈಗೂ ಎಟುಕುವ ಹಾಗೆ ನಡುವೆ ಸರಿಸಿದಳು. ಹೊಳೆಯ ಕಡೆಯಿಂದ ಮೋಡ ಏಳುತ್ತಿತ್ತು. ಬೇಗ ಬೇಗ ಇಡ್ರಿ ಅತ್ತೆ, ಮಳೆ ಬರೋ ಹಂಗೈತೆ ಎಂದಳು. ಸುಂಕಲಮ್ಮ ಮತ್ತೆ ಕೈ ಒದ್ದೆ ಮಾಡಿಕೊಂಡಳು.